ಮಗು ತಾನೇ ಕಲಿಯಬೇಕಾದರೆ ದೊಡ್ಡವರಿಗೆ ಕೆಲಸ ಜಾಸ್ತಿ

(ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಬದಿಯಡ್ಕದಲ್ಲಿ ಅಧ್ಯಾಪಕರು ಮತ್ತು ಹೆತ್ತವರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪರ್ಯಾಯ ಶಾಲೆಗಳ ಬಗ್ಗೆ, ಅಲ್ಲಿ ಮಕ್ಕಳು ತಾವಾಗಿ ಕಲಿಯುವ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಇಂಥ ಮಾತನ್ನು ಇಂಗ್ಲೆಂಡಿನಿಂದಲೋ ಅಮೆರಿಕದಿಂದಲೋ ಶುರು ಮಾಡುವುದು ರೂಢಿ. ನಾನು ಈ ಸಭೆಯಿಂದಲೇ ಶುರು ಮಾಡುತ್ತೇನೆ. ಇಲ್ಲಿ ಕೂತಿರುವ ಮಕ್ಕಳನ್ನು ನೋಡಿ. ಮನೆಯಲ್ಲಿ ತುಳು, ಇಲ್ಲವೇ ಹವ್ಯಕ ಕನ್ನಡ. ಶಾಲೆಯಲ್ಲಿ ಪುಸ್ತಕದ ಕನ್ನಡ. ಬಸ್ಸು ಹತ್ತಿದರೆ ಮಲಯಾಳ. ಪಕ್ಕದ ಮನೆಯ ಗೆಳೆಯನ ಜೊತೆ ಬ್ಯಾರಿ, ಕೊಂಕಣಿ ಅಥವಾ ಮರಾಠಿ. ನಮ್ಮ ಜಿಲ್ಲೆಯನ್ನು ಸಪ್ತಭಾಷಾ ಸಂಗಮ ಭೂಮಿ ಅಂತ ಕರೆಯುತ್ತಾರಲ್ಲ, ಆ ಸಂಗಮ ನಿಜವಾಗಿ ಆಗುವುದು ಏಳೆಂಟು ವರ್ಷದ ಮಕ್ಕಳ ಬಾಯಲ್ಲಿ.

ಇಷ್ಟನ್ನೂ ಅವರಿಗೆ ಯಾರು ಕಲಿಸಿದರು? ಪಠ್ಯಪುಸ್ತಕ ಇರಲಿಲ್ಲ. ಪೀರಿಯಡ್ ಇರಲಿಲ್ಲ. ಪರೀಕ್ಷೆಯೂ ಇರಲಿಲ್ಲ. ಆದರೆ ಮಗು ಒಂಟಿಯಾಗಿ ಕೂತು ಕಲಿತದ್ದೂ ಅಲ್ಲ. ಅಂಗಡಿಯಲ್ಲಿ ಮಿಠಾಯಿ ಕೇಳಲು ಅದಕ್ಕೆ ಮಲಯಾಳ ನಿಜವಾಗಿ ಬೇಕಿತ್ತು. ತಪ್ಪು ಮಾತಾಡಿದಾಗ ಅಂಗಡಿಯವರು ಅರ್ಥ ಮಾಡಿಕೊಂಡು ಉತ್ತರ ಕೊಟ್ಟರು. ತನಗಿಂತ ಎರಡು ಮೂರು ವರ್ಷ ದೊಡ್ಡ ಮಕ್ಕಳ ಜೊತೆ ಆಡುತ್ತಾ ಅದು ದಿನವಿಡೀ ಆ ಭಾಷೆ ಕೇಳಿಸಿಕೊಂಡಿತು. ಇಷ್ಟು ದಿನದೊಳಗೆ ಕಲಿ ಅಂತ ಯಾರೂ ಗಡುವು ಹಾಕಲಿಲ್ಲ. ಅಕ್ಕನಿಗೆ ಬಂದಷ್ಟು ನಿನಗೆ ಬರುವುದಿಲ್ಲ ಅಂತ ಯಾರೂ ಅಂಕ ಕೊಡಲಿಲ್ಲ.

ನಾನು ನೋಡಿದ, ಓದಿ ತಿಳಿದ ಒಳ್ಳೆಯ ಪರ್ಯಾಯ ಶಾಲೆಗಳೆಲ್ಲ ಇದೇ ಸನ್ನಿವೇಶವನ್ನು ಗಣಿತಕ್ಕೆ, ವಿಜ್ಞಾನಕ್ಕೆ, ಓದು ಬರಹಕ್ಕೆ ಬೇಕೆಂದೇ ಕಟ್ಟಲು ಹೊರಟವು. ಭಾಷೆಯ ವಿಷಯದಲ್ಲಿ ಅದನ್ನು ಊರೇ ಕಟ್ಟಿಕೊಡುತ್ತದೆ. ಭಿನ್ನರಾಶಿಯ ವಿಷಯದಲ್ಲಿ ಊರು ಕಟ್ಟಿಕೊಡುವುದಿಲ್ಲ, ಯಾರಾದರೂ ಕೂತು ಕಟ್ಟಬೇಕು. ನಾನು ಇವತ್ತು ಹೇಳಬೇಕೆಂದಿರುವುದು ಇದನ್ನೇ. ಮಗು ತಾನೇ ಕಲಿಯುವ ಶಾಲೆಯಲ್ಲಿ ದೊಡ್ಡವರ ಕೆಲಸ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಕಾಸರಗೋಡಿನ ಕನ್ನಡದ ಮಕ್ಕಳ ವಿಷಯದಲ್ಲಂತೂ ಇನ್ನೂ ಹೆಚ್ಚಾಗುತ್ತದೆ.

ನಮ್ಮ ಹಾಗೆಯೇ ಗಡಿಯಲ್ಲಿದ್ದ ಒಂದು ಶಾಲೆಯ ಕಥೆ ಹೇಳುತ್ತೇನೆ. 1972ರಲ್ಲಿ ಡೇವಿಡ್ ಹಾರ್ಸ್‌ಬರ್ಗ್ ಎಂಬ ಇಂಗ್ಲಿಷ್ ಅಧ್ಯಾಪಕರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನಲ್ಲಿ, ರಾಯಲ್ಪಾಡಿನ ಹತ್ತಿರ, ನೀಲ್‌ಬಾಗ್ ಎಂಬ ಶಾಲೆ ತೆರೆದರು. ಆಂಧ್ರದ ಗಡಿಗೆ ತಾಗಿದ ಜಾಗ. ರಾಜ್ಯ ಕರ್ನಾಟಕ, ಮಕ್ಕಳ ಮನೆಮಾತು ತೆಲುಗು. ಬಂದವರು ಸುತ್ತಲಿನ ಹಳ್ಳಿಯ ಮಕ್ಕಳು. ಅಲ್ಲಿ ಪರೀಕ್ಷೆ ಇರಲಿಲ್ಲ, ರ್‍ಯಾಂಕ್ ಇರಲಿಲ್ಲ, ಬಹುಮಾನ ಇರಲಿಲ್ಲ, ಶಿಕ್ಷೆಯೂ ಇರಲಿಲ್ಲ. ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂತು ತಮ್ಮ ತಮ್ಮ ವೇಗದಲ್ಲಿ ಕೆಲಸ ಮಾಡುತ್ತಿದ್ದರು. ಓದು, ಲೆಕ್ಕ, ಹಲವು ಭಾಷೆಗಳ ಜೊತೆಗೆ ಬಡಗಿ ಕೆಲಸ, ಕುಂಬಾರಿಕೆ, ಹೊಲಿಗೆಯೂ ಇತ್ತು.

ಹಾರ್ಸ್‌ಬರ್ಗ್ ಒಂದು ಕಡೆ ಸುಮ್ಮನೆ ಕೂತಿರಲಿಲ್ಲ. ಮೂವತ್ತು ಮಕ್ಕಳು ಒಂದೇ ಪುಟ ಓದುವ ಕ್ಲಾಸಿಗೆ ಒಂದು ಪಾಠದ ತಯಾರಿ ಸಾಕು. ಮೂವತ್ತು ಮಕ್ಕಳು ಮೂವತ್ತು ಕಡೆ ಇದ್ದರೆ, ಪ್ರತಿಯೊಂದು ಮಗುವೂ ನಿನ್ನೆ ಎಲ್ಲಿ ನಿಂತಿತು, ಇವತ್ತು ಅದರ ಕೈಗೆ ಏನು ಸಿಗಬೇಕು ಅಂತ ಅಧ್ಯಾಪಕರಿಗೆ ಗೊತ್ತಿರಬೇಕು. ಹಾಗೆ ಕಲಿಸಲು ಬಲ್ಲ ಅಧ್ಯಾಪಕರನ್ನು ತಯಾರು ಮಾಡುವುದೂ ನೀಲ್‌ಬಾಗಿನ ಕೆಲಸವೇ ಆಗಿತ್ತು. ಅವರು 1984ರಲ್ಲಿ ತೀರಿಕೊಂಡರು. ಅವರ ಹತ್ತಿರ ತರಬೇತಿ ಪಡೆದವರು ಬೇರೆ ಊರುಗಳಲ್ಲಿ ಶಾಲೆ ಕಟ್ಟಿದರು.

ನೀಲ್‌ಬಾಗಿನಿಂದ ಗಡಿ ದಾಟಿದರೆ ಮದನಪಲ್ಲಿಯ ಕಡೆ ರಿಷಿ ವ್ಯಾಲಿ. ಜಿಡ್ಡು ಕೃಷ್ಣಮೂರ್ತಿಯವರ ವಿಚಾರದಲ್ಲಿ ಬೆಳೆದ ವಸತಿ ಶಾಲೆ ಎಂದು ನೀವು ಕೇಳಿರಬಹುದು. ಅದಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಅವರು ಸುತ್ತಲಿನ ಹಳ್ಳಿಗಳಲ್ಲಿ ನಡೆಸಿದ ಸಣ್ಣ ಸಣ್ಣ ಶಾಲೆಗಳು. ಒಂದೇ ಕೋಣೆ, ಒಬ್ಬರೇ ಅಧ್ಯಾಪಕರು, ಎಲ್ಲ ವಯಸ್ಸಿನ ಮಕ್ಕಳು. ಪಠ್ಯಪುಸ್ತಕವನ್ನು ಬಿಡಿಸಿ ನೂರಾರು ಕಾರ್ಡುಗಳಾಗಿ ಮಾಡಿದರು. ಗೋಡೆಯ ಮೇಲೆ ಕಲಿಕೆಯ ಏಣಿ. ಮಗು ಬಂದು ತಾನು ಯಾವ ಮೆಟ್ಟಿಲಲ್ಲಿದ್ದೇನೆ ಅಂತ ನೋಡುತ್ತದೆ, ಆ ಮೆಟ್ಟಿಲಿನ ಚಿತ್ರ ಇರುವ ಕಾರ್ಡನ್ನು ತಾನೇ ತೆಗೆಯುತ್ತದೆ, ಕೆಲಸ ಶುರು ಮಾಡುತ್ತದೆ. ಜ್ವರ ಬಂದು ಹದಿನೈದು ದಿನ ಮನೆಯಲ್ಲಿ ಮಲಗಿದ್ದ ಮಗು ವಾಪಸು ಬಂದಾಗ ಪಾಠ ಮುಂದೆ ಹೋಗಿರುವುದಿಲ್ಲ. ಅದು ಬಿಟ್ಟ ಮೆಟ್ಟಿಲಲ್ಲೇ ಅದಕ್ಕಾಗಿ ಕಾದಿರುತ್ತದೆ.

ಈ ಕಾರ್ಡಿನ ಕ್ರಮವೇ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಗೆ 1995ರಲ್ಲಿ ನಲಿ ಕಲಿ ಆಗಿ ಬಂತು. ಸರಕಾರಿ ಶಾಲೆಯ ಅಧ್ಯಾಪಕರೇ ರಿಷಿ ವ್ಯಾಲಿಗೆ ಹೋಗಿ ನೋಡಿ, ಯುನಿಸೆಫ್ ನೆರವಿನಲ್ಲಿ ಕನ್ನಡದ ಕಾರ್ಡು ಬರೆದರು. ನಲಿ ಕಲಿಯ ಕೋಣೆಯಲ್ಲಿ ಮಕ್ಕಳು ಐದು ಗುಂಪಾಗಿ ಕೂರುತ್ತಾರೆ. ಮೊದಲ ಗುಂಪಿಗೆ ಅಧ್ಯಾಪಕರ ಪೂರ್ತಿ ಸಹಾಯ. ಆಮೇಲೆ ಅರ್ಧ ಸಹಾಯ. ಮುಂದಿನ ಎರಡು ಗುಂಪಿಗೆ ಜೊತೆಯ ಮಕ್ಕಳ ಸಹಾಯ. ಐದನೆಯದು ಸ್ವಕಲಿಕೆಯ ಗುಂಪು. ಈ ಕ್ರಮ ನನಗೆ ತುಂಬಾ ಇಷ್ಟ. ತಾನಾಗಿ ಕಲಿಯುವುದು ಇಲ್ಲಿ ಮೊದಲ ದಿನದ ನಿಯಮ ಅಲ್ಲ. ಪ್ರತಿಯೊಂದು ಹೊಸ ವಿಷಯದಲ್ಲೂ ಮಗು ನಾಲ್ಕು ಕಡೆ ಕೈ ಹಿಡಿಸಿಕೊಂಡು ಐದನೆಯ ಕಡೆ ಕೈ ಬಿಡುತ್ತದೆ.

ದೂರದ ಹೆಸರುಗಳಲ್ಲಿ ಒಂದನ್ನಾದರೂ ಹೇಳಬೇಕು. ಎ. ಎಸ್. ನೀಲ್ 1921ರಲ್ಲಿ ಶುರು ಮಾಡಿದ, ಈಗ ಇಂಗ್ಲೆಂಡಿನಲ್ಲಿರುವ ಸಮ್ಮರ್‌ಹಿಲ್ ಶಾಲೆಯಲ್ಲಿ ಕ್ಲಾಸಿಗೆ ಹೋಗುವುದು ಕಡ್ಡಾಯ ಅಲ್ಲ. ಶಾಲೆಯ ಸಭೆಯಲ್ಲಿ ಆರು ವರ್ಷದ ಮಗುವಿಗೂ ಒಂದು ಓಟು, ಮುಖ್ಯೋಪಾಧ್ಯಾಯರಿಗೂ ಒಂದೇ ಓಟು. 1999ರಲ್ಲಿ ಅಲ್ಲಿನ ಸರಕಾರದ ತಪಾಸಣೆಯವರು ಇದನ್ನು ಒಪ್ಪಲಿಲ್ಲ. ವಿಷಯ ನ್ಯಾಯಮಂಡಳಿಗೆ ಹೋಯಿತು. 2000ದಲ್ಲಿ ರಾಜಿ ಆಯಿತು, ಶಾಲೆ ತನ್ನ ಕ್ರಮ ಉಳಿಸಿಕೊಂಡಿತು. ರಾಜಿಯ ಷರತ್ತುಗಳನ್ನು ಒಪ್ಪಬೇಕೋ ಬೇಡವೋ ಅಂತ ಮಕ್ಕಳು ನ್ಯಾಯಾಲಯದ ಕೋಣೆಯಲ್ಲೇ ಸಭೆ ಸೇರಿ ಚರ್ಚೆ ಮಾಡಿದರು. ಚಿಕ್ಕಂದಿನಿಂದ ವಾರವಾರ ಸಭೆ ನಡೆಸಿ ಅಭ್ಯಾಸ ಇದ್ದುದರಿಂದ ಅದು ಸಾಧ್ಯವಾಯಿತು.

ಈಗ ನನಗೆ ಕಳವಳ ಹುಟ್ಟಿಸುವ ಮಾತಿಗೆ ಬರುತ್ತೇನೆ. ಇತ್ತೀಚೆಗೆ ತುಂಬಾ ಕಡೆ ಕೇಳುತ್ತೇನೆ: ಮಕ್ಕಳ ಕೈಗೆ ಫೋನು ಕೊಡಿ, ಇಂಟರ್ನೆಟ್ ಕೊಡಿ, ಅವರೇ ಕಲಿತುಕೊಳ್ಳುತ್ತಾರೆ. ಇದಕ್ಕೆ ಸಾಕ್ಷಿಯಾಗಿ ಶಿಕ್ಷಣ ಸಂಶೋಧಕ ಸುಗತ ಮಿತ್ರ ಅವರ ಪ್ರಯೋಗವನ್ನು ಹೇಳುತ್ತಾರೆ. 1999ರಲ್ಲಿ ದಿಲ್ಲಿಯ ಕಾಲ್ಕಾಜಿಯಲ್ಲಿ ಒಂದು ಗೋಡೆಯಲ್ಲಿ ತೂತು ಮಾಡಿ ಕಂಪ್ಯೂಟರ್ ಇಟ್ಟರು. ಪಕ್ಕದ ಕೊಳೆಗೇರಿಯ ಮಕ್ಕಳು ಯಾರ ಪಾಠವೂ ಇಲ್ಲದೆ ಅದನ್ನು ಬಳಸಲು ಕಲಿತರು. ನಿಜ. ಆದರೆ ಆ ಪ್ರಯೋಗ ಅಲ್ಲಿಗೆ ನಿಲ್ಲಲಿಲ್ಲ. 2009ರ ಹೊತ್ತಿಗೆ ಮಿತ್ರ ಅವರೇ ಬ್ರಿಟನ್ನಿನ ನಿವೃತ್ತ ಅಧ್ಯಾಪಕರನ್ನು, ಅಜ್ಜಿಯರನ್ನು ಹುಡುಕಿ ಸ್ಕೈಪ್ ಮೂಲಕ ಮಕ್ಕಳ ಜೊತೆ ಕೂರಿಸಿದರು. ಪಾಠ ಮಾಡುವುದು ಆ ಅಜ್ಜಿಯರ ಕೆಲಸ ಆಗಿರಲಿಲ್ಲ. ‘ಹೌದಾ, ಹೇಗೆ ಮಾಡಿದಿ, ತೋರಿಸು’ ಅಂತ ಕೇಳುವುದೇ ಕೆಲಸ. ಅಧ್ಯಾಪಕರಿಲ್ಲದೆ ಕಲಿಯಬಹುದು ಅಂತ ಹೊರಟ ಪ್ರಯೋಗಕ್ಕೂ ಒಬ್ಬ ಮನುಷ್ಯ ಬೇಕಾಯಿತು. ನಮ್ಮೂರಲ್ಲಿ ಇಂಥ ಅಜ್ಜಿಯರಿಗೆ ಬರ ಇಲ್ಲ. ಅವರನ್ನು ಶಾಲೆಗೆ ಕರೆಯುವವರು ಬೇಕು.

ಯಾಕೆ ಇದನ್ನು ಒತ್ತಿ ಹೇಳುತ್ತೇನೆ ಅಂದರೆ, ನಮ್ಮ ಜಿಲ್ಲೆಯಲ್ಲಿ ಸ್ವಕಲಿಕೆಯ ಮಾತು ಬೇರೆ ಕೆಲಸಕ್ಕೆ ಬಳಕೆಯಾಗುವ ಅಪಾಯ ಇದೆ. ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡ ಬಾರದ ಅಧ್ಯಾಪಕರು ಬರುವುದು, ಹೆತ್ತವರು ಗೇಟಿನ ಮುಂದೆ ನಿಲ್ಲುವುದು, ಮಕ್ಕಳ ತಿಂಗಳುಗಳು ಹಾಳಾಗುವುದು ಇಲ್ಲಿ ಕೂತಿರುವ ಎಲ್ಲರಿಗೂ ಗೊತ್ತು. ‘ಮಕ್ಕಳು ಹೇಗೂ ತಾವೇ ಕಲೀತಾರೆ’ ಎಂಬ ಮಾತು ಆ ಖಾಲಿ ಜಾಗ ತುಂಬಲು ಬರಬಾರದು. ಪ್ರಶ್ನೆ ಕೇಳಿದರೆ ತನ್ನ ಭಾಷೆಯಲ್ಲಿ ಉತ್ತರ ಸಿಗುತ್ತದೆ ಎಂಬ ಧೈರ್ಯ ಮಗುವಿಗೆ ಮೊದಲು ಬೇಕು. ಆ ಧೈರ್ಯ ಇಲ್ಲದ ಮಗು ಕೇಳುವುದನ್ನೇ ಬಿಡುತ್ತದೆ. ಕೇಳುವುದನ್ನು ಬಿಟ್ಟ ಮಗು ತಾನಾಗಿ ಏನನ್ನೂ ಕಲಿಯಲಾರದು.

ನಮ್ಮಲ್ಲೇ ನಡೆದ ಒಂದು ಒಳ್ಳೆಯ ಕೆಲಸವನ್ನು ನಾವು ಮರೆತಿದ್ದೇವೆ. 1990ರ ದಶಕದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಡಿಪಿಇಪಿ, ಕೇರಳಕ್ಕೆ ಬಂದಾಗ ಮೊದಲ ಹಂತದ ಮೂರು ಜಿಲ್ಲೆಗಳಲ್ಲಿ ಕಾಸರಗೋಡೂ ಒಂದು. ಮಲಪ್ಪುರಂ, ವಯನಾಡು ಉಳಿದೆರಡು. ಆಗ ಚಟುವಟಿಕೆಯ ಪಾಠ ಬಂತು. ಬರೀ ಆಟ, ಪಾಠವೇ ಇಲ್ಲ ಅಂತ ಹೆತ್ತವರು ಬೇಸರ ಮಾಡಿಕೊಂಡದ್ದು ಹಿರಿಯ ಅಧ್ಯಾಪಕರಿಗೆ ನೆನಪಿರಬಹುದು. ಅದೇ ಕಾಲದಲ್ಲಿ ಗುಡ್ಡಗಾಡಿನ ಮಕ್ಕಳಿಗಾಗಿ ಏಕಾಧ್ಯಾಪಕ ಶಾಲೆಗಳು ಶುರುವಾದವು. ಒಂದರಿಂದ ನಾಲ್ಕನೆಯ ಕ್ಲಾಸಿನ ತನಕ ಒಬ್ಬರೇ ಅಧ್ಯಾಪಕರು. ಆಗ ಸರಕಾರದ ಕಾಗದದಲ್ಲೇ ಅವುಗಳಿಗೆ ಬದಲಿ ಶಾಲೆ ಅಂತ ಹೆಸರಿತ್ತು. ಬಸ್ಸು ಹೋಗದ ಊರಿಗೆ ನಡೆದು ಹೋಗಿ, ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು, ಕಡಿಮೆ ಗೌರವಧನದಲ್ಲಿ ಅವರು ವರ್ಷಗಟ್ಟಲೆ ಕಲಿಸಿದರು. 2022ರಲ್ಲಿ ರಾಜ್ಯದಲ್ಲಿ ಆ ಶಾಲೆಗಳು ಮುಚ್ಚಿದವು. ಅಲ್ಲಿ ಕಲಿಸುತ್ತಿದ್ದ ಅನೇಕರಿಗೆ ಬೇರೆ ಶಾಲೆಗಳಲ್ಲಿ ಕಸ ಗುಡಿಸುವ ಅರೆಕಾಲಿಕ ಕೆಲಸ ಕೊಟ್ಟರು. ಗುಡಿಸುವ ಕೆಲಸ ಸಣ್ಣದು ಅಂತ ನಾನು ಹೇಳುವುದಿಲ್ಲ. ಆದರೆ ಹಲವು ವಯಸ್ಸಿನ ಮಕ್ಕಳನ್ನು ಒಟ್ಟಿಗೆ ಕಲಿಸುವ ವಿದ್ಯೆ ಬಲ್ಲವರು ನಮ್ಮ ರಾಜ್ಯದಲ್ಲಿ ಅವರೇ ಇದ್ದರು. ಅವರನ್ನು ಕೂರಿಸಿ, ನೀವು ಹೇಗೆ ಮಾಡಿದಿರಿ ಅಂತ ಕೇಳಿ ಬರೆದಿಡಬೇಕಿತ್ತು. ಈಗಲೂ ಕಾಲ ಮಿಂಚಿಲ್ಲ, ನಿಮ್ಮ ಊರಿನ ಹತ್ತಿರ ಅಂಥವರು ಯಾರಾದರೂ ಇದ್ದರೆ ದಯವಿಟ್ಟು ಹೋಗಿ ಕೇಳಿ.

ಇನ್ನು ಒಂದು ಅನುಭವ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಬಾಯಾರು, ಪಡ್ರೆ ಕಡೆಯವರಿಗೆ ಸುರಂಗ ಅಂದರೆ ಏನೆಂದು ವಿವರಿಸಬೇಕಾಗಿಲ್ಲ. ಬೇರೆ ಊರಿನವರಿಗಾಗಿ ಹೇಳುತ್ತೇನೆ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆಯುತ್ತಾರೆ, ಒಬ್ಬ ಮನುಷ್ಯ ಹೋಗುವಷ್ಟು ಅಗಲ. ಒಳಗೆ ಒಸರುವ ನೀರು ಇಳಿಜಾರಿನಲ್ಲಿ ತಾನಾಗಿ ಹೊರಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಒಂದು ಬೇಸಿಗೆ ರಜೆಗೆ ಮೊದಲು ಐದನೆಯಿಂದ ಒಂಬತ್ತನೆಯ ತನಕದ ಕೆಲವು ಮಕ್ಕಳು ಶನಿವಾರ ನನ್ನ ಜೊತೆ ಸೇರುತ್ತಿದ್ದರು. ಏನು ಕಲಿಯಬೇಕು ಅಂತ ಅವರೇ ಹೇಳಬೇಕು ಎಂಬುದು ನಮ್ಮ ಒಪ್ಪಂದ. ಮೊದಲಿಗೆ ಬಂದದ್ದು ಕ್ರಿಕೆಟ್ಟು, ಮೊಬೈಲ್ ಗೇಮು. ಅದನ್ನೂ ಪಟ್ಟಿಯಲ್ಲಿ ಬರೆದುಕೊಂಡೆವು. ಆಮೇಲೆ ಒಬ್ಬಳು ಹುಡುಗಿ ಕೇಳಿದಳು, ‘ನಮ್ಮ ಸುರಂಗದಲ್ಲಿ ಮಾರ್ಚಿನಲ್ಲೇ ನೀರು ಸಣ್ಣ ಆಗ್ತದೆ. ಮಾವನ ಮನೆಯದ್ದರಲ್ಲಿ ಮೇ ತನಕ ಬರ್ತದೆ. ಎರಡೂ ಒಂದೇ ಗುಡ್ಡ. ಅದು ಯಾಕೆ?’

ಇಂಥ ಪ್ರಶ್ನೆ ಬಂದಾಗ ದೊಡ್ಡವರ ನಾಲಗೆ ತುರಿಸುತ್ತದೆ. ಅಂತರ್ಜಲದ ಬಗ್ಗೆ ಹತ್ತು ನಿಮಿಷ ಮಾತಾಡಿದರೆ ಮುಗಿಯಿತು. ಪ್ರಶ್ನೆಯೂ ಅಲ್ಲಿಗೇ ಮುಗಿಯುತ್ತಿತ್ತು. ನಾನು ಕೇಳಿದ್ದು ಇಷ್ಟು: ‘ಸಣ್ಣ ಆಗ್ತದೆ ಅಂದರೆ ಎಷ್ಟು?’ ಅವಳಿಗೆ ಹೇಳಲು ಆಗಲಿಲ್ಲ. ಅಳೆಯಬೇಕು ಅಂತ ಅವರೇ ತೀರ್ಮಾನ ಮಾಡಿದರು.

ಸುರಂಗದ ಒಳಗೆ ಮಾತ್ರ ಯಾರೂ ಹೋಗುವಂತಿಲ್ಲ ಅಂತ ನಾನು ಕಟ್ಟುನಿಟ್ಟಾಗಿ ಹೇಳಿದೆ. ಗಾಳಿ ಕಡಿಮೆ ಇರಬಹುದು, ಮಣ್ಣು ಕುಸಿಯಬಹುದು. ನೀರು ಹೊರಗೆ ಬರುವಲ್ಲಿ ಹತ್ತು ಲೀಟರಿನ ಬಕೆಟ್ ಇಟ್ಟು, ತುಂಬಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ನೋಡಿದರು. ಎರಡೂವರೆ ನಿಮಿಷ. ಅಂದರೆ ನಿಮಿಷಕ್ಕೆ 4 ಲೀಟರ್. ಹತ್ತನ್ನು ಎರಡೂವರೆಯಿಂದ ಭಾಗಿಸುವುದು ಐದನೆಯ ಹುಡುಗನಿಗೆ ಗೊತ್ತಿರಲಿಲ್ಲ. ಎಂಟನೆಯ ಹುಡುಗಿ ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದಳು. ಐದು ನಿಮಿಷಕ್ಕೆ ಎರಡು ಬಕೆಟ್, ಇಪ್ಪತ್ತು ಲೀಟರ್, ಅದನ್ನು ಐದರಿಂದ ಭಾಗಿಸು ಅಂದಳು. ನನ್ನಿಂದ ಅಷ್ಟು ಸರಳವಾಗಿ ಹೇಳಲಾಗುತ್ತಿರಲಿಲ್ಲ ಅಂತ ಈಗಲೂ ಅನಿಸುತ್ತದೆ. ದಿನಕ್ಕೆ ಎಷ್ಟು ಅಂತ ಲೆಕ್ಕ ಹಾಕಿದಾಗ 5,760 ಲೀಟರ್ ಬಂತು. ಅಷ್ಟು ಸಪೂರ ನೀರು ಇಷ್ಟು ಆಗುತ್ತದಾ ಅಂತ ಅವರು ನಂಬಲೇ ಇಲ್ಲ. ಇನ್ನೊಮ್ಮೆ ಲೆಕ್ಕ ಮಾಡಿದರು.

ಆಮೇಲೆ ಪ್ರತಿ ವಾರ ಎರಡೂ ಸುರಂಗದ ಲೆಕ್ಕ. ಒಂದು ನೋಟ್‌ಬುಕ್, ಗ್ರಾಫ್ ಹಾಳೆ. ಸುರಂಗ ಕೊರೆಯುತ್ತಿದ್ದ ಒಬ್ಬರು ಹಿರಿಯರನ್ನು ಹುಡುಕಿಕೊಂಡು ಹೋದರು. ಒಳಗೆ ಉಸಿರಾಡುವ ಗಾಳಿ ಇದೆಯೋ ಅಂತ ತಿಳಿಯಲು ದೀಪ ಹಿಡಿದು ಹೋಗುತ್ತಿದ್ದ ವಿಷಯವನ್ನು ಅವರು ಹೇಳಿದರು. ದೀಪ ಯಾಕೆ ಆರುತ್ತದೆ ಎಂಬ ಪ್ರಶ್ನೆ ಅಲ್ಲಿಂದ ಹುಟ್ಟಿತು. ಮಳೆಯ ಲೆಕ್ಕವೂ ಬಂತು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಹಾಗಾದರೆ ನೂರು ಚದರ ಮೀಟರಿನ ಮಾಡಿನ ಮೇಲೆ ಮೂರೂವರೆ ಲಕ್ಷ ಲೀಟರ್ ಬೀಳುತ್ತದೆ. ‘ಮತ್ತೆ ಏಪ್ರಿಲಿನಲ್ಲಿ ನಮಗೆ ನೀರಿಲ್ಲ ಯಾಕೆ?’ ಅಂತ ಕೇಳಿದ ಹುಡುಗನ ಮುಖ ನನಗೆ ಮರೆಯುವುದಿಲ್ಲ. ಅವನಿಗೆ ಸಿಟ್ಟು ಬಂದಿತ್ತು. ಆ ಸಿಟ್ಟನ್ನು ಯಾವ ಪಾಠಪುಸ್ತಕವೂ ಅವನಲ್ಲಿ ಹುಟ್ಟಿಸುತ್ತಿರಲಿಲ್ಲ.

ಅವರಿಗೆ ಒಂದೇ ಉತ್ತರ ಸಿಗಲಿಲ್ಲ. ಬೇಗ ಬತ್ತುವ ಸುರಂಗದ ಮೇಲ್ಭಾಗದಲ್ಲಿ ಕಲ್ಲುಕೋರೆ ಇತ್ತು. ಹತ್ತಿರದಲ್ಲಿ ಕೊಳವೆಬಾವಿಯೂ ಇತ್ತು. ಸುರಂಗದ ಉದ್ದವೂ ಬೇರೆ. ಮೂರರಲ್ಲಿ ಯಾವುದು ಕಾರಣ ಅಂತ ಅವರು ವಾದ ಮಾಡಿದರು, ತಾಳಮದ್ದಳೆಯಲ್ಲಿ ಅರ್ಥ ಹೇಳುವವರಷ್ಟೇ ಬಿರುಸಾಗಿ. ಮುಂದಿನ ವರ್ಷ ಏನನ್ನು ಅಳೆದರೆ ಇನ್ನೂ ಸ್ಪಷ್ಟ ಆಗುತ್ತದೆ ಅಂತ ಪಟ್ಟಿ ಮಾಡಿಟ್ಟರು. ಒಂದು ಪ್ರಶ್ನೆಯ ಜೊತೆ ತಿಂಗಳುಗಟ್ಟಲೆ ಬದುಕುವುದು ಅವರಿಗೆ ಸಾಧ್ಯವಾಯಿತು. ನನ್ನ ಪಾಲಿಗೆ ಅದೇ ದೊಡ್ಡದು.

ಈ ಕೆಲಸದಲ್ಲಿ ನಾವು ಎಲ್ಲಿ ಸಿಕ್ಕಿಬಿದ್ದೆವು ಗೊತ್ತಾ? ಓದುವ ಸಾಮಗ್ರಿಯಲ್ಲಿ. ಹನ್ನೆರಡು ವರ್ಷದ ಮಗುವಿಗೆ ಅಂತರ್ಜಲದ ಬಗ್ಗೆ ತಾನೇ ಓದಿ ತಿಳಿಯಲು ಕನ್ನಡದಲ್ಲಿ ಸುಲಭವಾಗಿ ಸಿಗುವುದು ಕಡಿಮೆ. ಇಂಗ್ಲಿಷಿನಲ್ಲಿ ಬೇಕಾದಷ್ಟಿದೆ, ಮಲಯಾಳದಲ್ಲೂ ಇದೆ. ನಾನು ರಾತ್ರಿ ಕೂತು ಕೆಲವು ಪುಟಗಳನ್ನು ಕನ್ನಡದಲ್ಲಿ ಬರೆದು ಕೊಡುತ್ತಿದ್ದೆ.

ಶಿವರಾಮ ಕಾರಂತರು ಈ ಕಷ್ಟವನ್ನು ತೊಂಬತ್ತು ವರ್ಷ ಹಿಂದೆಯೇ ಕಂಡಿದ್ದರು. ಇಲ್ಲಿಂದ ದೂರವೇನೂ ಅಲ್ಲದ ಪುತ್ತೂರಿನ ಬಾಲವನದಲ್ಲಿ ಅವರು ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದರು. ನಾಟಕ, ಕುಣಿತ, ಚಿತ್ರ, ಸುತ್ತಾಟ ಎಲ್ಲ ಇತ್ತು. ಅಷ್ಟಕ್ಕೇ ಬಿಡಲಿಲ್ಲ. ಮಗುವಿಗೆ ತಾನಾಗಿ ತಿಳಿಯುವ ಆಸೆ ಹುಟ್ಟಿದಾಗ ಅದರ ಕೈಗೆ ಕನ್ನಡದ ಪುಸ್ತಕ ಸಿಗಬೇಕಲ್ವಾ? 1936ರಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ ತಂದರು. ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ವಿಶ್ವಕೋಶ, ಒಬ್ಬರೇ ಬರೆದದ್ದು. ದೊಡ್ಡವರ ಕೆಲಸ ಅಂತ ನಾನು ಹೇಳುತ್ತಿರುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಮಂಜೇಶ್ವರದ ಗೋವಿಂದ ಪೈಗಳು ಇನ್ನೊಂದು ತರದ ಉದಾಹರಣೆ. ಬಿ.ಎ. ಪದವಿ ಅವರು ಪೂರ್ತಿ ಮಾಡಲಿಲ್ಲ. ಊರಿಗೆ ಬಂದು, ಮನೆಯಲ್ಲಿ ಪುಸ್ತಕ ತರಿಸಿಕೊಂಡು, ಒಂದಾದ ಮೇಲೊಂದು ಭಾಷೆ ಕಲಿತರು. ಇಪ್ಪತ್ತಕ್ಕೂ ಹೆಚ್ಚು ಭಾಷೆ ಬಲ್ಲವರು ಎಂದು ಅವರನ್ನು ಬಲ್ಲವರು ಹೇಳುತ್ತಿದ್ದರು. 1949ರಲ್ಲಿ ಮದ್ರಾಸ್ ಸರಕಾರ ರಾಷ್ಟ್ರಕವಿ ಎಂದು ಗೌರವಿಸಿತು. ಅವರು ಅನುಕೂಲಸ್ಥರ ಮನೆಯವರು, ಪುಸ್ತಕ ತರಿಸುವ ಶಕ್ತಿ ಇತ್ತು. ಎಲ್ಲ ಮನೆಯಲ್ಲೂ ಅದು ಇಲ್ಲ. ಹಾಗಾಗಿ ಪುಸ್ತಕ ಊರಿನ ಆಸ್ತಿ ಆಗಬೇಕು.

ಕೇರಳದಲ್ಲಿರುವ ನಮಗೆ ಇಲ್ಲೊಂದು ಅನುಕೂಲ ಇದೆ. 1945ರಲ್ಲಿ ಪಿ. ಎನ್. ಪಣಿಕ್ಕರ್ ಕಟ್ಟಿದ ಗ್ರಂಥಶಾಲಾ ಸಂಘದಿಂದಾಗಿ ಈ ರಾಜ್ಯದಲ್ಲಿ ಹಳ್ಳಿ ಹಳ್ಳಿಗೂ ಗ್ರಂಥಾಲಯ ಬಂತು. ಜೂನ್ 19ರ ವಾಚನ ದಿನವನ್ನು ನಮ್ಮ ಶಾಲೆಗಳಲ್ಲೂ ಆಚರಿಸುತ್ತೇವೆ. ಆ ಗ್ರಂಥಾಲಯಗಳಿಗೆ ಕನ್ನಡದ ಮಕ್ಕಳ ಪುಸ್ತಕ ಬೇಕು ಅಂತ ಕೇಳುವುದು ನಮ್ಮ ಹಕ್ಕು. ಅರ್ಜಿ ಬರೆಯಲು ಒಂದು ಸಂಜೆ ಸಾಕು.

ಬಹುಮಾನದ ಬಗ್ಗೆಯೂ ಒಂದು ಮಾತು. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ನಮ್ಮ ರಸ್ತೆಗಳಲ್ಲಿ ಫುಲ್ ಎ ಪ್ಲಸ್ ಮಕ್ಕಳ ಫ್ಲೆಕ್ಸ್ ತುಂಬಿರುತ್ತದೆ. ಆ ಮಕ್ಕಳು ಕಷ್ಟಪಟ್ಟಿದ್ದಾರೆ, ಅವರ ಸಂತೋಷ ನನಗೂ ಸಂತೋಷ. ಆದರೆ 1973ರಲ್ಲಿ ಪ್ರಕಟವಾದ ಒಂದು ಪ್ರಯೋಗ ಹೇಳುತ್ತೇನೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುಶಾಲೆಯಲ್ಲಿ, ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಮಕ್ಕಳನ್ನೇ ಆರಿಸಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಚಿತ್ರ ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ ಕೊನೆಗೆ ಕೊಟ್ಟರು. ಮೂರನೆಯದಕ್ಕೆ ಕೊಡಲೇ ಇಲ್ಲ. ಸ್ವಲ್ಪ ದಿನ ಕಳೆದು ಸ್ಕೆಚ್ ಪೆನ್ನುಗಳನ್ನು ಸುಮ್ನೆ ಮೇಜಿನ ಮೇಲಿಟ್ಟು ನೋಡಿದರು. ಪ್ರಶಸ್ತಿಯ ಆಸೆ ತೋರಿಸಿದ ಗುಂಪಿನ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಹೇಳದೆ ಕೊಟ್ಟವರಿಗೆ ಏನೂ ತೊಂದರೆ ಆಗಿರಲಿಲ್ಲ. ಮಗು ಸಂತೋಷದಿಂದ ಮಾಡುತ್ತಿರುವ ಕೆಲಸಕ್ಕೆ ಮೊದಲೇ ಬೆಲೆ ಕಟ್ಟಬೇಡಿ. ಮಾಡಿದ ಮೇಲೆ ಮೆಚ್ಚಿ, ಬೇಕಾದಷ್ಟು ಮೆಚ್ಚಿ.

ಪರ್ಯಾಯ ಶಾಲೆಗಳ ಬಗ್ಗೆ ನನಗಿರುವ ದೊಡ್ಡ ದೂರನ್ನೂ ಹೇಳಬೇಕು. ಇವುಗಳಲ್ಲಿ ಎಷ್ಟೋ ಈಗ ದೊಡ್ಡ ಊರುಗಳ ಅನುಕೂಲಸ್ಥರ ಮಕ್ಕಳಿಗೆ ಮಾತ್ರ ಎಟಕುವಂತಿವೆ. ನೀಲ್‌ಬಾಗ್ ಹಾಗಿರಲಿಲ್ಲ. ವಯನಾಡಿನ ನಡವಯಲಿನಲ್ಲಿ ಕೆ. ಜೆ. ಬೇಬಿ 1994ರಲ್ಲಿ ಆದಿವಾಸಿ ಮಕ್ಕಳ ಜೊತೆ ಕಟ್ಟಿದ ಕನವು ಎಂಬ ಶಾಲೆಯೂ ಹಾಗಿರಲಿಲ್ಲ. ಹಾಡು, ಕುಣಿತ, ಕಳರಿ, ಬೇಸಾಯ ಅಲ್ಲಿ ಕಲಿಕೆಯೇ ಆಗಿತ್ತು. ನಲಿ ಕಲಿ ಸರಕಾರಿ ಶಾಲೆಯಲ್ಲೇ ಬೆಳೆಯಿತು. ಕಾಸರಗೋಡಿಗೆ ದುಬಾರಿ ಫೀಸಿನ ಒಂದು ಪರ್ಯಾಯ ಶಾಲೆ ಬರಲಿ ಅಂತ ನಾನು ಬಯಸುವುದಿಲ್ಲ. ನಮ್ಮ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವಾರಕ್ಕೆ ಒಂದು ಮಧ್ಯಾಹ್ನ ಮಕ್ಕಳ ಪ್ರಶ್ನೆಗೆ ಬಿಟ್ಟುಕೊಟ್ಟರೆ ಅಲ್ಲಿಂದ ಶುರು ಮಾಡಬಹುದು. ಬೇರೆ ಬೇರೆ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂರಲಿ. ಅಡಿಕೆ ತೋಟಕ್ಕೆ ಕೊಳೆರೋಗ ಬಾರದಂತೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವುದನ್ನೇ ತೆಗೆದುಕೊಳ್ಳಿ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆಯಾಗಿ ಯಾಕೆ ಕರಗಿಸಬೇಕು? ಹದ ನೋಡಲು ಚಾಕು ಅದ್ದಿದಾಗ ಅದರ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಕಡಿಮೆ ಅಂತ ಅಪ್ಪನಿಗೆ ಹೇಗೆ ಗೊತ್ತು? ಹತ್ತನೆಯ ರಸಾಯನಶಾಸ್ತ್ರದ ಒಂದು ದೊಡ್ಡ ಭಾಗ ಆ ಚಾಕುವಿನ ಮೇಲಿದೆ. ಮದ್ದು ಬಿಡುವ ದಿನ ಅಪ್ಪ ಹತ್ತು ನಿಮಿಷ ನಿಂತು ಮಾತಾಡಬೇಕು, ಮರುದಿನ ಟೀಚರ್ ಅದನ್ನು ಮುಂದುವರಿಸಬೇಕು.

ಶಾಲೆಗಳಲ್ಲಿ ಕಂಪ್ಯೂಟರ್ ಇದೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ತುಳು ವಿಕಿಪೀಡಿಯ 2016ರಲ್ಲಿ ಬಂತು. ತಾವು ಅಳೆದು, ಕೇಳಿ, ಓದಿ ತಿಳಿದ ವಿಷಯದ ಬಗ್ಗೆ ಇನ್ನೊಂದು ಮಗು ಓದುವಂತೆ ಕನ್ನಡದಲ್ಲಿ ಬರೆಯಲು ಮಕ್ಕಳಿಗೆ ಕಲಿಸಿ. ಮುಂದಿನ ಮಗುವಿಗೆ ನಮ್ಮಷ್ಟು ಬರ ಇರುವುದಿಲ್ಲ.

ಪ್ರಶ್ನೆಗಳಲ್ಲಿ ಮೊದಲನೆಯದು ನಿರೀಕ್ಷೆಯಂತೆ ಪರೀಕ್ಷೆಯ ಬಗ್ಗೆ ಬಂತು. ಹೀಗೆ ಕಲಿತವರು ಮುಂದೆ ಏನು ಮಾಡಬೇಕು ಅಂತ ಒಬ್ಬರು ಅಪ್ಪ ಕೇಳಿದರು. ಶಾಲೆ ಬಿಡಿಸಿ ಅಂತ ನಾನು ಯಾರಿಗೂ ಹೇಳುತ್ತಿಲ್ಲ ಅಂತ ಮೊದಲು ಸ್ಪಷ್ಟ ಮಾಡಿದೆ. ಪೂರ್ತಿ ಬೇರೆ ದಾರಿಯಲ್ಲಿ ಹೋದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಎನ್‌ಐಒಎಸ್, ಇದೆ. 1989ರಲ್ಲಿ ಶುರುವಾದದ್ದು. ಹದಿನಾಲ್ಕು ವರ್ಷ ತುಂಬಿದವರು ಹತ್ತನೆಯ ಮಟ್ಟದ ಪರೀಕ್ಷೆಗೆ ಸೇರಬಹುದು, ಐದು ವಿಷಯ ಆರಿಸಿಕೊಂಡು ಐದು ವರ್ಷದೊಳಗೆ ಒಂದೊಂದಾಗಿ ಮುಗಿಸಬಹುದು. ಹಲವು ಪರ್ಯಾಯ ಶಾಲೆಯ ಮಕ್ಕಳು ಹೀಗೆಯೇ ಪ್ಲಸ್ ಟು, ಕಾಲೇಜಿಗೆ ಹೋಗಿದ್ದಾರೆ.

ಕಲಿಕೆಯಲ್ಲಿ ಹಿಂದಿರುವ ಮಕ್ಕಳ ಗತಿ ಏನು ಅಂತ ಒಬ್ಬರು ಟೀಚರ್ ಕೇಳಿದರು. ತುಂಬಾ ಸರಿಯಾದ ಪ್ರಶ್ನೆ. ಓದಲು ಬಾರದ ಮಗುವಿಗೆ ‘ನಿನಗೆ ಬೇಕಾದ್ದು ಕಲಿ’ ಅನ್ನುವುದು ಅನ್ಯಾಯ. ಮೊದಲು ಅದರ ಪಕ್ಕದಲ್ಲಿ ಕೂತು, ಅದರ ಭಾಷೆಯಲ್ಲಿ, ಸರಾಗವಾಗಿ ಓದಲು ಕಲಿಸಬೇಕು. ಮೂರನೆಯ ಕ್ಲಾಸು ಮುಗಿಯುವ ಮೊದಲು ಅದೊಂದು ಆದರೆ ಉಳಿದದ್ದಕ್ಕೆ ದಾರಿ ಇದೆ. ಅದಾಗದೆ ಬೇರೆ ಯಾವ ಪ್ರಯೋಗಕ್ಕೂ ನಾನು ಕೈ ಹಾಕುವುದಿಲ್ಲ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ತಾಯಿ ಎದ್ದು ನಿಂತು ಕೇಳಿದರು, ‘ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮಗಳು ಕೇಳುವುದಕ್ಕೆ ನನಗೆ ಉತ್ತರ ಗೊತ್ತಿರುವುದಿಲ್ಲ. ನಾನೇನು ಮಾಡಲಿ?’ ಅಕ್ಕ, ನಿಮಗೆ ಉತ್ತರ ಗೊತ್ತಿರಬೇಕಾಗಿಲ್ಲ ಅಂದೆ. ಅವಳ ಪ್ರಶ್ನೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ನಿಮ್ಮ ಕೈಯಾರೆ, ಕನ್ನಡದಲ್ಲಿ. ತಾರೀಕು ಹಾಕಿ. ತಿಂಗಳಿಗೊಮ್ಮೆ ಅದನ್ನು ಶಾಲೆಗೆ ಅಥವಾ ಗ್ರಂಥಾಲಯಕ್ಕೆ ತನ್ನಿ, ಉತ್ತರ ಎಲ್ಲಿ ಸಿಗಬಹುದು ಅಂತ ನಾವು ಸೇರಿ ಹುಡುಕೋಣ. ಗ್ರಂಥಾಲಯ ಸಮಿತಿಯವರು ಸಭೆಯಲ್ಲೇ ಇದ್ದರು. ತಿಂಗಳ ಎರಡನೇ ಶನಿವಾರ ಮಧ್ಯಾಹ್ನ ಕೋಣೆ ತೆರೆದಿಡಲು ಅವರು ಒಪ್ಪಿದ್ದಾರೆ. ಕೂರಲು ನಾನೂ ಬರುತ್ತೇನೆ, ಇಬ್ಬರು ನಿವೃತ್ತ ಅಧ್ಯಾಪಕರೂ ಬರುತ್ತೇವೆ ಅಂದಿದ್ದಾರೆ.